ಓಲೆ ತೆಗೆದವರು

ಅಮ್ಮಾ,

ಅಣ್ಣ ನಾಲ್ಕನೇ ಸಲ ಕಳ್ಳತನದಲ್ಲಿ ಸಿಕ್ಕಿಬಿದ್ದಿದ್ದಾನೆ. ಇವತ್ತು ಜೈಲಿನ ಮನೋವೈದ್ಯರು ನನ್ನನ್ನು ಕರೆಸಿದ್ದರು. ಅವರ ಮಾತು ಮೆತ್ತಗಿತ್ತು. ಬಾಯಿ ಬಿಡಿಸುವವರೆಲ್ಲ ಹಾಗೇ ಮಾತಾಡುತ್ತಾರೆ.

"ನಿಮ್ಮಣ್ಣ ಕದ್ದ ಕಡೆಯೆಲ್ಲ ಸಿಕ್ಕಿಬೀಳೋ ಹಾಗೆ ಗುರುತು ಬಿಟ್ಟು ಬರ್ತಾರೆ. ಚಿಕ್ಕಂದಿನಲ್ಲಿ ಮಾಡದ ತಪ್ಪಿಗೆ ಏಟು ತಿಂದ ಕೆಲವರು, ಆ ಏಟಿಗೆ ತಕ್ಕ ತಪ್ಪನ್ನ ಆಮೇಲೆ ಹುಡ್ಕೊಂಡು ಹೋಗ್ತಾರೆ," ಎಂದರು.

"ನಮ್ಮಮ್ಮನ ಮೇಲೆ ಗೂಬೆ ಕೂರಿಸ್ತಿದ್ದೀರಾ?" ಎಂದೆ.

"ಇಲ್ಲಮ್ಮ. ಅಮ್ಮನ ಕಿವಿ ಓಲೆ ಕಳೆದಾಗ ನಿಮ್ಮಣ್ಣ ಏಟು ತಿಂದ್ರಲ್ಲ, ಅದನ್ನ ತೆಗೆದಿದ್ದು ಯಾರು?"

ಅಣ್ಣ ಎಲ್ಲ ಹೇಳಿದ್ದಾನೋ, ಇವರೇ ಕತ್ತಲಲ್ಲಿ ಕಲ್ಲು ಎಸೆಯುತ್ತಿದ್ದಾರೋ ತಿಳಿಯಲಿಲ್ಲ. "ನೆನಪಿಲ್ಲ," ಎಂದೆ. ಅದನ್ನೇ ಬರೆದುಕೊಂಡರು. ಆ ವರದಿ ನ್ಯಾಯಾಧೀಶರಿಗೆ ಹೋಗುತ್ತದಂತೆ.

ಓಲೆ ಕದ್ದವನೆಂದು ನೀನು ಸಾಯುವವರೆಗೂ ಅವನನ್ನು ಬೈದೆ. ನಾನು ಪಕ್ಕದಲ್ಲೇ ಕೂತು ನಿನ್ನ ಕಾಲು ಒತ್ತುತ್ತಿದ್ದೆ.