ಆರ್ಗನಮ್ಮನ ಮಂಗಳವಾರಗಳು

ಮನೆಯಿಂದ,
ಬುಧವಾರ, ಮಾರ್ಚ್ ೧೨, ಬೆಳಿಗ್ಗೆ

ಪ್ರೀತಿಯ ತಂಗೀ, ನನ್ನ ಗುಬ್ಬೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಆ ಎತ್ತರದ ಸ್ಟೂಲಿನ ಮೇಲೆ ದಿನವಿಡೀ ಬಗ್ಗಿ ಕೂತು ಹಳೇ ಪುಸ್ತಕ ಬೈಂಡ್ ಮಾಡಿದರೆ ಬೆನ್ನು ಮುನಿಸಿಕೊಳ್ಳದೆ ಇನ್ನೇನು ಮಾಡೀತು. ಲೈಬ್ರರಿಯವರಿಗೆ ಹೇಳಿ ಒರಗುವ ಕುರ್ಚಿ ಕೇಳು. ನಾಚಿಕೊಂಡು ಸುಮ್ಮನಿರಬೇಡ. ಭಾವನ ಹಡಗು ಯಾವಾಗ ದಡಕ್ಕೆ ಬರುತ್ತದೆ? ನನ್ನ ಮಂಡಿ ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಕೋಲು ಹಿಡಿದು ಬೀದಿಯ ತುದಿಯವರೆಗೆ ಹೋಗಿ ಬರುತ್ತೇನೆ. ಆಪರೇಷನ್ ಸುದ್ದಿ ನಿನಗೆ ತಿಳಿಸಿರಲಿಲ್ಲ, ಬೈಯಬೇಡ. ವರ್ಷಕ್ಕೆರಡು ಕಾರ್ಡು, ಒಂದೊಂದರಲ್ಲಿ ನಾಲ್ಕು ಸಾಲು, ಇಷ್ಟೇ ಅಲ್ಲವೇ ನಮ್ಮಿಬ್ಬರ ಮಾತುಕತೆ. ಆ ನಾಲ್ಕು ಸಾಲಿನಲ್ಲಿ ಮಂಡಿಗೆ ಜಾಗವಿರಲಿಲ್ಲ. ಈ ಸಲ ಕಾಗದ ಉದ್ದವಾಗುತ್ತದೆ. ಗಾಬರಿಯಾಗಬೇಡ, ಯಾರೂ ಸತ್ತಿಲ್ಲ.

ಒಂದು ಮಾತನ್ನು ಆರು ವರ್ಷದಿಂದ ನೀನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಇವತ್ತು ಎತ್ತುತ್ತೇನೆ. ನಿನ್ನ ಮಗು ಹನ್ನೊಂದು ದಿನ ಇದ್ದು ಹೋಯಿತು. ಆಮೇಲೆ ನೀನು ಊಟ ನಿದ್ದೆ ಬಿಟ್ಟು ಗೋಡೆ ನೋಡುತ್ತಾ ಕೂತೆ. ಭಾವ ಸಮುದ್ರದ ಮೇಲಿದ್ದ. ನಾನೇ ನಿನ್ನನ್ನು ಮನೋರೋಗದ ಆಸ್ಪತ್ರೆಗೆ ಸೇರಿಸಿದೆ. ಗೇಟಿನ ಹತ್ತಿರ ನೀನು ನನ್ನ ಕೈ ಹಿಡಿದು, ಇದು ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಬಾರದು ಅಂತ ಮಾತು ತಗೊಂಡೆ. ನಾನು ಎಲ್ಲರಿಗೂ ನೀನು ಅತ್ತೆಯ ಮನೆಗೆ ಹೋಗಿದ್ದೀಯ ಅಂದೆ. ಎರಡು ತಿಂಗಳ ನಂತರ ನೀನು ವಾಪಸ್ ಬಂದು ಮೊದಲಿನಂತೆ ಪಾಠ ಹೇಳಲು ಸಂಡೇ ಸ್ಕೂಲಿನ ಕೋಣೆಗೆ ಹೋದಾಗ ಮೊದಲ ವಾರ ಹದಿನೇಳು ಮಕ್ಕಳಿದ್ದರು, ಎರಡನೇ ವಾರ ಒಂಬತ್ತು, ಮೂರನೇ ವಾರ ಇಬ್ಬರು. ಆ ಇಬ್ಬರೂ ಅಕ್ಕ ತಂಗಿ, ಅವರ ತಾಯಿಗೆ ನಿನ್ನ ಆಸ್ಪತ್ರೆಯ ಸುದ್ದಿ ಮುಟ್ಟಿರಲಿಲ್ಲ ಅಷ್ಟೇ. ಆಮೇಲೆ ಸಭೆಯ ಹಿರಿಯರೊಬ್ಬರು ನಮ್ಮ ಮನೆಗೆ ಬಂದು, ಸ್ವಲ್ಪ ದಿನ ವಿಶ್ರಾಂತಿ ತಗೋಮ್ಮ ಅಂದರು. ನೀನು ತಲೆಯಾಡಿಸಿದೆ. ಹತ್ತು ದಿನದಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೊರಟೆ.

ಆವತ್ತಿನಿಂದ ನಾನು ಆ ಸಭೆಯಲ್ಲಿ ದೇವರನ್ನು ನೋಡಿದ್ದಕ್ಕಿಂತ ಜನರನ್ನು ನೋಡಿದ್ದೇ ಹೆಚ್ಚು. ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ಪರೀಕ್ಷೆ ಮಾಡಿದವನು ನಾನು. ಟಿಕೆಟ್ ಇಲ್ಲದವನು ನನ್ನ ಬೂಟಿನ ಸದ್ದು ಕೇಳುತ್ತಲೇ ಕಿಟಕಿಯಾಚೆ ನೋಡುತ್ತಾನೆ, ಅಥವಾ ಬೇಡದಷ್ಟು ನಗುತ್ತಾನೆ. ನಿನ್ನ ಗುಟ್ಟು ಹೊರಗೆ ಬಿಟ್ಟವರು ಯಾರು ಅಂತ ಕೀರ್ತನೆ ಹಾಡುವಾಗಲೂ ನಾನು ಸಾಲು ಸಾಲಾಗಿ ಮುಖಗಳನ್ನೇ ತಪಾಸಣೆ ಮಾಡುತ್ತಿದ್ದೆ. ಯಾರು ನನ್ನ ಕಣ್ಣು ತಪ್ಪಿಸುತ್ತಾರೆ, ಯಾರು ಬೇಡದಷ್ಟು ನಗುತ್ತಾರೆ. ಕೊನೆಗೆ ಒಬ್ಬರ ಮೇಲೆ ನನ್ನ ಕಣ್ಣು ನಿಂತಿತು. ಆರ್ಗನಮ್ಮ. ಇಸ್ತ್ರಿ ಅಂಗಡಿ ನಡೆಸುತ್ತಾ ಭಾನುವಾರ ಆರ್ಗನ್ ನುಡಿಸುವ ಆ ಉದ್ದನೆ ಹೆಂಗಸನ್ನು ನೀನು ಮರೆತಿರಲಾರೆ, ಆ ಅಡ್ಡಹೆಸರು ಇಟ್ಟವಳೇ ನೀನು. ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಎದುರಿನ ಬಸ್ ಸ್ಟಾಪಿನಲ್ಲಿ ಆಕೆ ನಿಂತಿದ್ದರು. ನಮ್ಮನ್ನು ನೋಡಿ ಪಕ್ಕನೆ ಬೆನ್ನು ತಿರುಗಿಸಿದರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಅಂತ ಆರು ವರ್ಷ ಅಂದುಕೊಂಡೇ ಬಂದೆ. ಆಕೆ ಆರ್ಗನ್ ಮುಂದೆ ಕೂತರೆ ನನಗೆ ರಾಗ ಕೇಳುತ್ತಿರಲಿಲ್ಲ, ಆ ಬೆನ್ನೇ ಕಾಣುತ್ತಿತ್ತು.

ಕಳೆದ ವರ್ಷ ಹೊಸ ಪಾಸ್ಟರ್ ಬಂದರು. ಎಳೆ ವಯಸ್ಸು, ತೋಳು ಮಡಚಿದ ಅಂಗಿ, ಎಲ್ಲರ ಹತ್ತಿರವೂ ಕೂತು ಮಾತಾಡುವ ಜಾತಿ. ಅಲ್ಲಿಗೇ ನನಗೆ ಅನುಮಾನ. ಡಿಸೆಂಬರಿನ ಮೊದಲ ಭಾನುವಾರ ಒಂದು ಬಿಸ್ಕತ್ತಿನ ಡಬ್ಬ ತಂದಿಟ್ಟು, ಅದರಲ್ಲಿ ಪ್ರತಿಯೊಂದು ಮನೆಯ ಚೀಟಿ ಇದೆ, ಒಬ್ಬೊಬ್ಬರೂ ಒಂದೊಂದು ಎತ್ತಿ ಅಂದರು. ಯಾರ ಚೀಟಿ ಬರುತ್ತದೋ ಅವರ ಮನೆಗೆ ಮೂರು ತಿಂಗಳು, ವಾರಕ್ಕೊಂದು ಸಲ, ಒಂದು ಗಂಟೆ ಹೋಗಿ ಕೂರಬೇಕು. ಕೇಳದೆ ಬುದ್ಧಿ ಹೇಳಬಾರದು. ಆ ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಗೆ ಹೊರಬಾರದು. ನೀವು ಒಂದೇ ಬೆಂಚಿನಲ್ಲಿ ಇಪ್ಪತ್ತು ವರ್ಷ ಕೂತಿದ್ದೀರಿ, ಪಕ್ಕದವರ ಮಂಡಿ ನೋಯುತ್ತದೋ ಮನಸ್ಸು ನೋಯುತ್ತದೋ ಗೊತ್ತಿಲ್ಲ ಅಂದರು ಪಾಸ್ಟರ್. ನನಗೆ ಅನ್ನಿಸಿದ್ದು ಇಷ್ಟೇ: ಊರ ಬೇಹುಗಾರಿಕೆಗೆ ಇಟ್ಟ ಒಳ್ಳೆ ಹೆಸರು. ನಾನು ಎತ್ತಿದ್ದು ಚರ್ಚಿನ ಗಂಟೆ ಬಾರಿಸುವ ತಾತನ ಚೀಟಿ. ನನ್ನ ಚೀಟಿ ಹೋಗಿದ್ದು ಆರ್ಗನಮ್ಮನ ಕೈಗೆ. ನಗಬೇಡ, ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ನಾನು ಕೋಲೂರಿಕೊಂಡು ಹೋಗಿ ಆ ಡಬ್ಬ ಬಗ್ಗಿ ನೋಡಿದೆ, ಮೂಸಿಯೂ ನೋಡಿದೆ. ಬಿಸ್ಕತ್ತಿನ ವಾಸನೆ ಬಿಟ್ಟು ಮೋಸದ ವಾಸನೆ ಬರಲಿಲ್ಲ. ಆದರೂ ನಂಬಲಿಲ್ಲ.

ಮಂಗಳವಾರ ನಾಲ್ಕು ಗಂಟೆಗೆ ಸರಿಯಾಗಿ ಆಕೆ ಬಂದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಮಂಡಿ ಹೇಗಿದೆ ಟಿ.ಸಿ. ಅಣ್ಣ ಅಂತ ಕೇಳಿದರು, ಅಷ್ಟೇ. ಟೀ ಕೊಟ್ಟೆ. ಕುಡಿದು ಲೋಟ ತಾವೇ ತೊಳೆದಿಟ್ಟರು. ಎರಡನೇ ವಾರ ನನ್ನ ಅಂಗಿಗಳನ್ನು ನೋಡಿ, ಬಗ್ಗಲಾಗದವರು ಇಸ್ತ್ರಿ ಹೇಗೆ ಮಾಡ್ತೀರಿ ಅಂತ ಎತ್ತಿಕೊಂಡು ಹೋಗಿ ಮರುದಿನ ಮಡಿಸಿ ಕಳಿಸಿದರು. ನಾನು ಜೇಬುಗಳನ್ನು ಒಳಹೊರಗೆ ಮಾಡಿ ನೋಡಿದೆ, ಏನಾದರೂ ಕಾಗದ ಸಿಕ್ಕಿ ಓದಿದರೋ ಏನೋ ಅಂತ. ನಿನ್ನ ಕೋಣೆಯ ಬಾಗಿಲು ಆಕೆಯ ಕುರ್ಚಿಗೆ ನೇರ ಎದುರು. ಒಂದು ದಿನವೂ ಆ ಕಡೆ ನೋಡಲಿಲ್ಲ, ನಿನ್ನ ಸುದ್ದಿ ಕೇಳಲಿಲ್ಲ. ಬೇರೆಯವರಿಗೆ ಅದು ಮರ್ಯಾದೆ ಅನ್ನಿಸೀತು. ನನಗೆ ಅನ್ನಿಸಿದ್ದು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ. ಕದ್ದವರೇ ಆ ಕಡೆ ನೋಡುವುದಿಲ್ಲ.

ಕೊನೆಗೆ ಒಂದು ಬಲೆ ಹಾಕಿದೆ. ಹೊಸ ವರ್ಷದ ವಾರದಲ್ಲಿ ಆಕೆಗೆ ಗುಟ್ಟಿನ ದನಿಯಲ್ಲಿ ಒಂದು ಸುಳ್ಳು ಹೇಳಿದೆ. ಈ ಮನೆ ಖಾಲಿ ಮಾಡಿ ಬೇಸಿಗೆಗೆ ಊರು ಬಿಡುತ್ತೇನೆ, ಯಾರಿಗೂ ಹೇಳಬೇಡಿ ಅಂದೆ. ನಿಮ್ಮ ಬೆಂಚು ಖಾಲಿಯಾಗುತ್ತೆ ಅಂದರು ಆಕೆ, ಅಷ್ಟೇ. ನಾನು ಕಾದೆ. ಒಂದು ವಾರ, ಎರಡು ವಾರ, ಮೂರು ವಾರ. ಚರ್ಚಿನ ಮೆಟ್ಟಿಲ ಮೇಲೆ ಬೇಕೆಂದೇ ನಿಧಾನವಾಗಿ ಇಳಿದೆ, ಯಾರಾದರೂ ಕೇಳಲಿ ಅಂತ. ಒಬ್ಬರೂ ಕೇಳಲಿಲ್ಲ. ಆಮೇಲೆ ಅದೇ ಸುಳ್ಳನ್ನು ಗಂಟೆ ತಾತನ ಮನೆಯಲ್ಲಿ ಹೇಳಿದೆ. ಅದು ಗುರುವಾರ. ಭಾನುವಾರ ಆರಾಧನೆಗೆ ಮೊದಲೇ ಆರು ಜನ ಬಂದು, ಯಾವ ಊರಿಗೆ ಹೋಗ್ತೀರಿ ಅಂತ ಕೇಳಿದರು. ಒಬ್ಬಾಕೆ ಮನೆ ಬಾಡಿಗೆಗೆ ಕೊಡ್ತೀರಾ ಅಂದಳು. ತಾತನ ಬಾಯಿಯೂ ಗಂಟೆಯೇ, ಹಗ್ಗ ಎಳೆಯುವ ಶ್ರಮವೂ ಇಲ್ಲ. ಬೇರೆಯವನಾಗಿದ್ದರೆ ಅಲ್ಲಿಗೇ ಆರ್ಗನಮ್ಮನನ್ನು ಬಿಟ್ಟುಬಿಡುತ್ತಿದ್ದ. ನಾನು ಬಿಡಲಿಲ್ಲ. ಇವರು ಬಲೆ ಕಂಡುಹಿಡಿದಿದ್ದಾರೆ, ಪಳಗಿದ ಕೈ, ಅಂದುಕೊಂಡೆ. ಅನುಮಾನಕ್ಕೆ ಹೊಟ್ಟೆ ತುಂಬುವುದೇ ಇಲ್ಲ ನೋಡು.

ಫೆಬ್ರವರಿಯ ಮೂರನೇ ಮಂಗಳವಾರ ತಡೆಯಲಾಗಲಿಲ್ಲ. ಆಕೆ ಟೀ ಲೋಟ ಕೈಗೆತ್ತಿಕೊಂಡಾಗ ನೇರವಾಗಿ ಕೇಳಿಬಿಟ್ಟೆ. ನನ್ನ ತಂಗಿ ಎಲ್ಲಿದ್ದಳು ಅಂತ ಸಭೆಗೆ ಹೇಳಿದವರು ಯಾರು, ನೀವೇ ತಾನೆ, ಆ ಬಸ್ ಸ್ಟಾಪಿನಲ್ಲಿ ನಿಂತು ನೋಡಿದ್ದು ನೀವೇ ತಾನೆ. ಆಕೆ ಲೋಟ ಕೆಳಗಿಟ್ಟರು. "ನಾನಲ್ಲ ಅಣ್ಣ. ಯಾರು ಅಂತ ಗೊತ್ತು. ನಾನು ಹೇಳಲ್ಲ," ಅಂದರು. ನನಗೆ ಮೈಯೆಲ್ಲಾ ಉರಿದುಹೋಯಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರಿಗೆ ಈ ಮನೆಯಲ್ಲಿ ಕುರ್ಚಿ ಇಲ್ಲ, ಇನ್ನು ಬರಬೇಡಿ ಅಂದೆ. ಚೀಲ ಎತ್ತಿಕೊಂಡು ಹೋದರು. ಮುಂದಿನ ಮಂಗಳವಾರ ನಾಲ್ಕು ಗಂಟೆಗೆ ಗೇಟು ಸದ್ದಾಯಿತು. ನಾನು ಬಾಗಿಲು ತೆಗೆಯಲಿಲ್ಲ. ಪರದೆ ಸಂದಿಯಿಂದ ನೋಡಿದೆ. ಆಕೆ ಬಾಗಿಲು ತಟ್ಟಲಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಕೂತರು. ಚೀಲದಿಂದ ಗುಂಡಿ ಕಿತ್ತುಹೋದ ಅಂಗಿಯೊಂದನ್ನು ತೆಗೆದು ಹೊಲಿಯುತ್ತಾ ಕೂತಿದ್ದು ಐದು ಗಂಟೆಗೆ ಎದ್ದು ಹೋದರು. ಅದರ ಮುಂದಿನ ವಾರವೂ ಅಷ್ಟೇ. ಬೀದಿಯವರು ನೋಡಲಿ, ನನ್ನ ಮಾನ ಹೋಗಲಿ ಅಂತಲೇ ಹೀಗೆ ಕೂರುತ್ತಾರೆ ಅಂತ ಮನಸ್ಸು ಹೇಳಿತು. ಆದರೆ ನಾನು ಗಡಿಯಾರ ನೋಡುತ್ತಾ ಕಿಟಕಿ ಹತ್ತಿರ ಒಂದು ಗಂಟೆ ನಿಂತೇ ಇದ್ದೆ, ಮಂಡಿ ಕಿರುಚುತ್ತಿದ್ದರೂ.

ನಿನ್ನೆ ಬಾಗಿಲು ತೆಗೆದೆ. ಆಕೆ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಮೊದಲು ಬಸ್ ಸ್ಟಾಪಿನ ಮಾತು ಹೇಳಿದರು. ಅದೇ ಆಸ್ಪತ್ರೆಗೆ ಆಕೆ ಹನ್ನೆರಡು ವರ್ಷದಿಂದ ತಿಂಗಳಿಗೊಮ್ಮೆ ಮಾತ್ರೆ ತರಲು ಹೋಗುತ್ತಾರೆ. ಆವತ್ತು ಬೆನ್ನು ತಿರುಗಿಸಿದ್ದು ನಾವು ಆಕೆಯನ್ನು ನೋಡಬಾರದು ಅಂತ, ಆಕೆ ನಮ್ಮನ್ನು ನೋಡಿದ್ದು ನಮಗೆ ತಿಳಿಯಬಾರದು ಅಂತ. ಇದನ್ನು ತಂಗಿಗೆ ಬರೆಯಲೇ ಅಂತ ಕೇಳಿದೆ, ಅವಳಿಗೆ ಮಾತ್ರ ಬರೆಯಿರಿ ಅಂದರು. ನೀನು ಹೊರಟುಹೋದ ಮೇಲೆ ಆಕೆ ಆ ಹಿರಿಯರ ಮನೆಗೆ ಹೋಗಿ, ಟೀಚರನ್ನು ವಾಪಸ್ ಕರೆಯಿರಿ ಅಂತ ಕೇಳಿದ್ದರಂತೆ, ಎರಡು ಸಲ. ನನಗೆ ಅದೂ ಗೊತ್ತಿರಲಿಲ್ಲ. ಹೇಳಿದವರು ಯಾರು ಅಂತ ನಾನು ಮತ್ತೆ ಕೇಳಿದೆ. ತಿಳಿದುಕೊಂಡು ಏನು ಮಾಡ್ತೀರಿ ಅಂದರು. ಬಿಡುವುದಿಲ್ಲ, ಸಭೆಯ ಮುಂದೆ ನಿಲ್ಲಿಸುತ್ತೇನೆ ಅಂದೆ. ಆಕೆ ಕೊನೆಗೂ ಹೇಳಿದರು. ಯಾರೇ ಆಗಲಿ, ಗುಬ್ಬೀ, ವಯಸ್ಸಾದ ಮನುಷ್ಯ, ಕೇಡು ಬಯಸಿ ಆಡಿದ ಮಾತಲ್ಲ. ಅದನ್ನು ಬರೆದು ನಿನ್ನ ಮನಸ್ಸು ಕೆಡಿಸುವುದು ಬೇಡ. ಆರ್ಗನಮ್ಮ ಅಲ್ಲ ಅನ್ನುವುದಷ್ಟು ನಿನಗೆ ತಿಳಿದರೆ ಸಾಕು. ಆಕೆಯ ಮೇಲೆ ನಿನಗೂ ಸಂದೇಹ ಇದ್ದಿದ್ದರೆ ತೆಗೆದುಹಾಕು.

ಹೊತ್ತು ಹೊತ್ತಿಗೆ ಊಟ ಮಾಡು. ಭಾವನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನ ಬೆನ್ನಿಗೂ ಮನಸ್ಸಿಗೂ ಬಲ ಕೊಡಲಿ, ನಿನ್ನ ಮನೆಯಲ್ಲಿ ನೆಮ್ಮದಿ ಇರಲಿ.

ಎಂದೆಂದೂ ನಿನ್ನ
ಅಣ್ಣ

ತಾಜಾಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಂಚೆ ಡಬ್ಬದವರೆಗೆ ಹೋಗಿ ವಾಪಸ್ ಬಂದೆ. ಮೇಲೆ ಬರೆದದ್ದರಲ್ಲಿ ಕೊನೆಯದು ಪೂರ್ತಿ ನಿಜವಲ್ಲ. ಹೇಳಿದವನು ನಾನು.

ನೀನು ಆಸ್ಪತ್ರೆ ಸೇರಿದ ಮೂರನೇ ವಾರ, ಬುಧವಾರದ ಪ್ರಾರ್ಥನಾ ಕೂಟ. ಐದು ಜನ ಇದ್ದೆವು, ಗಂಟೆ ತಾತನೂ ಆರ್ಗನಮ್ಮನೂ ಇದ್ದರು. ನನ್ನ ಸರದಿ ಬಂದಾಗ ಕಣ್ಣು ಮುಚ್ಚಿಕೊಂಡು ಜೋರಾಗಿ ಪ್ರಾರ್ಥಿಸಿದೆ. ನಿನ್ನ ಆಸ್ಪತ್ರೆಯ ಹೆಸರು, ನೀನು ಗೋಡೆ ನೋಡುತ್ತಿದ್ದದ್ದು, ಮಗುವಿನ ಬಟ್ಟೆ ಎದೆಗವಚಿಕೊಂಡು ಕೂಗಿದ್ದು, ಎಲ್ಲಾ ದೇವರಿಗೆ ಹೇಳಿ ಅತ್ತೆ. "ನೀವು ದೇವರಿಗೆ ಹೇಳಿದ್ರಿ ಅಣ್ಣ. ನಾವೂ ಅಲ್ಲೇ ಇದ್ವಿ," ಅಂದರು ಆರ್ಗನಮ್ಮ ನಿನ್ನೆ. ಪ್ರಾರ್ಥನೆ ಮುಗಿದ ಕೂಡಲೇ ಆಕೆ ಉಳಿದ ಮೂವರ ಹತ್ತಿರ, ಇದು ಈ ಕೋಣೆಯಲ್ಲೇ ಇರಲಿ ಅಂತ ಬೇಡಿಕೊಂಡಿದ್ದರಂತೆ. ನನಗೆ ಅದು ಯಾರಿಗೂ ಹೇಳಿದ ಲೆಕ್ಕವೇ ಆಗಿರಲಿಲ್ಲ. ಆದರೆ ಇನ್ನೊಂದು ನೆನಪಾಗಿದೆ, ಅದನ್ನೂ ಮುಚ್ಚಿಡುವುದಿಲ್ಲ. ಆವತ್ತು ಎಲ್ಲರೂ ಎದ್ದು ಬಂದು ನನ್ನ ಕೈ ಹಿಡಿದರು, ಹೆಗಲು ತಟ್ಟಿದರು. ನನಗೆ ಹಿತವಾಗಿತ್ತು, ಗುಬ್ಬೀ. ಮನೆಗೆ ಹಗುರವಾಗಿ ನಡೆದು ಬಂದೆ.

ಬರುವ ಭಾನುವಾರವೇ ಸಭೆಯ ಮುಂದೆ ನಿಂತು ಇದನ್ನು ಒಪ್ಪಿಕೊಳ್ಳಬೇಕು ಅನ್ನಿಸುತ್ತಿದೆ. ಆದರೆ ಹಾಗೆ ನಿಂತರೆ ಮತ್ತೆ ನಿನ್ನ ಕಥೆಯನ್ನೇ ಹೇಳಬೇಕಾಗುತ್ತದೆ. ಈ ಸಲ ನಿನ್ನನ್ನು ಕೇಳದೆ ಹೇಳುವುದಿಲ್ಲ. ಹೇಳಲೋ ಬೇಡವೋ, ಒಂದು ಸಾಲು ಬರೆ. ಬೈದು ಬರೆದರೂ ಸರಿ. ಬೇಡ ಅಂದರೆ ಯಾರೆದುರೂ ಬಾಯಿ ಬಿಡುವುದಿಲ್ಲ. ನಿನ್ನ ಉತ್ತರ ಬರುವವರೆಗೆ ಪ್ರಾರ್ಥನೆಯನ್ನೂ ಮನಸ್ಸಿನೊಳಗೇ ಮಾಡುತ್ತೇನೆ.