ಕೋಟೆಯಲ್ಲಿ ಎತ್ತಿಟ್ಟ ನಿನ್ನ ಪಾಲು

ಮೋಂಗ್ರಿಯೆ ಕೋಟೆ, ಪೆರಿಗೋರ್
ಜನವರಿ 8, ಸೋಮವಾರ ಬೆಳಿಗ್ಗೆ

ಪ್ರೀತಿಯ ಬ್ಲಾಂದೀನ್,

ಹೇಗಿದ್ದೀಯೆ, ಮಗಳೇ? ಬ್ರೆಸ್ಟ್ ಕಡೆ ಗಾಳಿ ಜೋರು ಎಂದು ರೇಡಿಯೋದಲ್ಲಿ ಕೇಳಿದೆ. ನಿನ್ನ ಹಡಗು ದ್ವೀಪಕ್ಕೆ ಹೋಗಿ ಬರುತ್ತಿದೆಯೋ, ದಡದಲ್ಲೇ ನಿಂತಿದೆಯೋ? ಆ ಹಾಳು ಕೆಮ್ಮು ಬಿಟ್ಟಿತೇ? ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊ. ಹಡಗು ನಡೆಸುವವಳಾದರೇನು, ಗಂಟಲು ಎಲ್ಲರದೂ ಒಂದೇ. ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ, ಉಳಿದಂತೆ ಚೆನ್ನಾಗಿದ್ದೇನೆ. ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯ. ಇಲ್ಲಿನ ಗೋಡೆಗಳ ದಪ್ಪಕ್ಕೆ ಸಿಗ್ನಲ್ ಒಳಗೇ ಬರುವುದಿಲ್ಲ. ಅದೂ ಅಲ್ಲದೆ ನಿನ್ನಣ್ಣನ ಹೆಸರೆತ್ತಿದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಹರಿದು ಹಾಕುವ ಮೊದಲು ಒಂದು ಸಲ ಓದುತ್ತೀಯ.

ಕೊನೆಗೂ ನಾನು ಈ ಕೋಟೆಯಲ್ಲಿ ಮಲಗಿದೆ ನೋಡು. ನಿಮ್ಮಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ ಕಾಲದಲ್ಲಿ ಇದಕ್ಕೆ ಬಾಗಿಲೂ ಇರಲಿಲ್ಲ, ಸೂರೂ ಇರಲಿಲ್ಲ. ದೊಡ್ಡ ಹಜಾರದ ನಡುವೆ ಅಂಜೂರದ ಮರ ಬೆಳೆದಿತ್ತು, ಅದರಡಿ ಯಾರದೋ ಆಡುಗಳು ಮಲಗಿರುತ್ತಿದ್ದವು. “ಇದಕ್ಕೊಂದು ಸೂರು ಬರ್ಲಿ, ನಿನ್ನ ಇಲ್ಲೇ ಮಲಗಿಸ್ತೀನಿ ರಾಣಿ ಥರ” ಅಂದಿದ್ದರು. ಸೂರು ಬಂತು, ಅವರು ಹೋದರು. ಈಗ ಪ್ಯಾರಿಸ್ಸಿನ ಯಾರೋ ಕೊಂಡು, ಬಿದ್ದ ಕಲ್ಲುಗಳನ್ನೇ ಎತ್ತಿ ಕಟ್ಟಿಸಿ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ನನಗೆ ಎಪ್ಪತ್ತೈದು ತುಂಬಿತೆಂದು ನಿನ್ನಣ್ಣ ಫರ್ಮಿನ್ ಈ ವಾರಾಂತ್ಯಕ್ಕೆ ಹಿಡಿದಿದ್ದ. ಬೀಗದ ಕೈ ಕೊಡಲು ಬಂದ ಹುಡುಗಿ ಬಹಳ ಉತ್ಸಾಹದವಳು. ನನ್ನ ಕೋಣೆಯ ಗೋಡೆಯಲ್ಲಿ ಒಂದು ಕಿಂಡಿ ತೋರಿಸಿದಳು. ಹಿಂದಿನ ದೊರೆ ಅಲ್ಲಿ ನಿಂತು, ಕೆಳಗೆ ಹಜಾರದಲ್ಲಿ ನೆಂಟರು ತನ್ನ ಬೆನ್ನ ಹಿಂದೆ ಏನು ಮಾಡುತ್ತಾರೆಂದು ಇಣುಕುತ್ತಿದ್ದನಂತೆ. ಎಂಥ ಕೆಟ್ಟ ಚಾಳಿ ಅಂದುಕೊಂಡೆ. ಕೋಟೆ ಕಟ್ಟಿಕೊಂಡರೂ ನಂಬಿಕೆ ಇಲ್ಲ ಅಂದರೆ ಏನು ಸುಖ!

ಮೆಟ್ಟಿಲು ಮಾತ್ರ ಹಳೆಯದೇ. ಸುರುಳಿ ಸುರುಳಿಯಾಗಿ ಹತ್ತಬೇಕು, ಇಬ್ಬರು ಎದುರಾದರೆ ಒಬ್ಬರು ಹಿಮ್ಮೆಟ್ಟಲೇಬೇಕು. ಮೊದಲ ದಿನವೇ ನನ್ನ ತಮ್ಮ, ನಿನ್ನ ಆನ್ಸೆಲ್ಮ್ ಮಾವ, ಇಳಿಯುತ್ತಿದ್ದ. ನಿನ್ನ ಅತ್ತಿಗೆ ಒಡೀಲ್ ಹೊದಿಕೆಗಳನ್ನು ಹೊತ್ತು ಹತ್ತುತ್ತಿದ್ದಳು. “ನಾನು ಹಿಂದಕ್ಕೆ ಹತ್ತಲ್ಲಮ್ಮ, ನನ್ನ ಸೊಂಟ ಕೇಳಲ್ಲ” ಎಂದು ಇವನು. “ನಂಗೆ ಮುಂದಿರೋದೇ ಕಾಣ್ತಿಲ್ಲ, ಹಿಂದಕ್ಕೆ ಎಲ್ಲಿ ಇಳೀಲಿ ಮಾವ?” ಎಂದು ಅವಳು. ಇಬ್ಬರೂ ಬಹಳ ಮರ್ಯಾದೆಯಿಂದಲೇ ಮಾತಾಡುತ್ತ ಅಲ್ಲೇ ನಿಂತಿದ್ದರು. ಕೊನೆಗೆ ನಿನ್ನಣ್ಣನ ಮಗಳು ಪುಟ್ಟ ಕಪುಸೀನ್ ಇಬ್ಬರ ಕಾಲ ಸಂದಿಯಲ್ಲಿ ತೂರಿ, ಒಡೀಲಳ ಕೈಯ ಹೊದಿಕೆಗಳನ್ನು ಒಂದೊಂದಾಗಿ ಎಳೆದು ಕೆಳಗೆಸೆದಳು. ನಿನಗೂ ಫರ್ಮಿನ್‌ಗೂ ಆಗಿರುವುದೂ ಇದೇ ಎಂದು ನನಗನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ ಬಿಡು.

ನಿಮ್ಮಪ್ಪನ ನಾಯಿ ಪ್ರಲೀನಳ ವಿಷಯ ಎತ್ತಬಾರದು ಎಂದೇ ಕಾಗದ ಶುರು ಮಾಡಿದ್ದೆ, ಆಗುವುದಿಲ್ಲ. “ನಾಯಿ ಅಲ್ಲ, ಅಪ್ಪನ್ನೇ ಕೊಟ್ಬಿಟ್ಟೆ ನೀನು” ಎಂದು ನೀನು ಅವನ ಮುಖಕ್ಕೆ ಅಂದೆಯಲ್ಲ, ಆ ಮಾತು ಅವನಿಗೆ ಈಗಲೂ ಚುಚ್ಚುತ್ತಿದೆ. ನಿನ್ನನ್ನು ಒಂದು ಮಾತು ಕೇಳದೆ ಕೊಟ್ಟದ್ದು ತಪ್ಪು, ನಾನೂ ಅವನಿಗೆ ಹೇಳಿದ್ದೇನೆ. ಆದರೆ ನಿಮ್ಮಪ್ಪ ಹೋದಮೇಲೆ ಅದು ಅವರ ಬೂಟಿನ ಮೇಲೆ ತಲೆಯಿಟ್ಟು ಮಲಗಿದ್ದು, ಅನ್ನ ನೀರು ಮುಟ್ಟದೆ ಇದ್ದದ್ದು ನೀನು ನೋಡಲಿಲ್ಲ. ಓಕ್ ತೋಪಿನಲ್ಲಿ ಟ್ರಫಲ್ ಅಣಬೆ ಹುಡುಕಿ ಬೆಳೆದ ಜೀವ, ಅದಕ್ಕೆ ಕೆಲಸ ಬೇಕಿತ್ತು. ಫರ್ಮಿನ್ ಕೈಯಿಂದ ಪಡೆದ ಮುದುಕ ಬಾರ್ತಾ ಅದನ್ನು ತೋಪಿಗೆ ಕರೆದೊಯ್ದ ದಿನವೇ ಅದು ಉಂಡಿತು. ಅವತ್ತು ಫರ್ಮಿನ್ ಮನೆಗೆ ಬಂದು ತಾನು ಉಣ್ಣಲಿಲ್ಲ. ನೀನು ಸಮುದ್ರದ ಕಡೆಯವಳು, ಅವನು ಮಣ್ಣಿನ ಕಡೆಯವನು; ಇಬ್ಬರ ಹಟ ಮಾತ್ರ ನಿಮ್ಮಪ್ಪನದೇ. ಇಲ್ಲಿ ಗೋಪುರದ ಮೇಲೊಂದು ನೀಲಿ ಕೋಣೆ ಖಾಲಿ ಇದೆ. ಕಪುಸೀನ್ ಅಲ್ಲಿ ಮಲಗಲಿ ಎಂದು ಒಡೀಲ್ ಅಂದದ್ದಕ್ಕೆ, “ಬೇಡ, ಅಲ್ಲಿ ಚಳಿ” ಎಂದು ಫರ್ಮಿನ್ ಬಾಗಿಲು ಹಾಕಿದ. ಆಮೇಲೆ ನಾನು ಹತ್ತಿ ನೋಡಿದೆ. ಕೋಣೆ ಬೆಚ್ಚಗಿತ್ತು, ಹಾಸಿಗೆ ಹಾಸಿತ್ತು, ನೀನು ಎರಡು ದಿಂಬಿಲ್ಲದೆ ಮಲಗುವುದಿಲ್ಲ ಎಂದು ಎರಡು ದಿಂಬೂ ಇದ್ದವು. ನೀನು ಬರುವುದಿಲ್ಲ ಎಂದು ಆಗಲೇ ತಿಳಿಸಿಯಾಗಿತ್ತು.

ನಿನ್ನೆ ಮಧ್ಯಾಹ್ನ ಮೂವರು ಅರಸರ ಹಬ್ಬದ ಕೇಕು ಕತ್ತರಿಸಿದೆವು. ಇಲ್ಲಿನ ಅಡುಗೆಮನೆಯ ಒಲೆ ನನ್ನ ಮಾತು ಕೇಳಲಿಲ್ಲ, ಒಂದು ಮಗ್ಗುಲು ಸ್ವಲ್ಪ ಸೀದಿತು. ಬಾದಾಮಿ ಹೂರಣ ಚೆನ್ನಾಗಿತ್ತು. ಒಳಗೆ ನಮ್ಮ ಹಳೆಯ ಪಿಂಗಾಣಿ ಕೋಳಿಯನ್ನೇ ಇಟ್ಟಿದ್ದೆ, ಕೊಕ್ಕು ಮುರಿದದ್ದು. ಜ್ಞಾಪಕ ಇದೆಯೇ? ಚಿಕ್ಕಂದಿನಲ್ಲಿ ಅದು ತನ್ನ ತುಂಡಿನಲ್ಲಿ ಸಿಕ್ಕಿ ರಾಜನ ಕಿರೀಟ ತಲೆಗೇರಿದರೆ ಫರ್ಮಿನ್ ಒಂದು ವಾರ ಕೋಳಿಯನ್ನು ನಿನಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಮಾವ ಊರ ರೂಢಿಯಂತೆ ಬೆಳ್ಳುಳ್ಳಿ ಸಾರಿನ ತಳಕ್ಕೆ ವೈನ್ ಸುರಿದು ಬಟ್ಟಲೆತ್ತಿ ಕುಡಿದಾದ ಮೇಲೆ, ಯಾವ ತುಂಡು ಯಾರಿಗೆಂದು ನೋಡದೆ ಕೂಗಲು ಕಪುಸೀನ್ ಮೇಜಿನ ಕೆಳಗೆ ಹೊಕ್ಕಳು. ನಮ್ಮ ಐದು ಪಾಲು, ಬರಲಾಗದವರಿಗೆಂದು ಒಂದು ಪಾಲು. “ಇದು ಯಾರ್ಗೆ?” ಎಂದು ನಾನು ಕೇಳಿದ ಮೊದಲ ತುಂಡಿಗೇ ಅವಳು, “ಬ್ಲಾಂದೀನ್ ಅತ್ತೆಗೆ!” ಎಂದು ಕೂಗಿದಳು. ದೂರದವರ ಪಾಲನ್ನು ಕೊನೆಗೆ ಎತ್ತಿಡುವುದು ವಾಡಿಕೆ, ಆ ಮಗುವಿಗೇನು ಗೊತ್ತು? ಮೇಜಿನ ಸುತ್ತ ಎಲ್ಲರೂ ಫರ್ಮಿನ್ ಮುಖ ನೋಡಿದರು. “ಕೇಳಿಸ್ತಲ್ಲ, ಇಡಮ್ಮ” ಅಂದ, ಅಷ್ಟೇ.

ಎಲ್ಲರೂ ತಿಂದು ಮುಗಿಸಿದರೂ ಕೋಳಿ ಸಿಕ್ಕಿತು ಎಂದು ಯಾರೂ ಅನ್ನಲಿಲ್ಲ. ಒಡೀಲ್ ಮಾವನ ಮೇಲೆ ಅನುಮಾನಪಟ್ಟಳು. “ನುಂಗಿಲ್ಲ ಕಣಮ್ಮ! ನುಂಗಿದ್ರೆ ನಾಳೆ ನಂಗೇ ಗೊತ್ತಾಗತ್ತೆ, ಬಂದು ಹೇಳ್ತೀನಿ” ಎಂದು ಅವನು. ನಕ್ಕು ನಕ್ಕು ಸಾಕಾಯಿತು. ಹಾಗಾದರೆ ಅತ್ತೆಯ ಪಾಲಿನಲ್ಲೇ ಇದೆ, ಕತ್ತರಿಸಿ ನೋಡೋಣ ಎಂದು ಕಪುಸೀನ್ ಚಾಕು ಹಿಡಿದು ಬಂದಳು. “ಮುಟ್ಬೇಡ, ಅದು ಅತ್ತೇದು” ಎಂದು ಫರ್ಮಿನ್ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಹಲ್ಲುನೋವಿನವನ ಹಾಗೆ ಕೆನ್ನೆ ಹಿಡಿದುಕೊಂಡೇ ಮಾತಾಡಿದ. ಆಗ ಅವಳು ಕಾಗದದ ಕಿರೀಟವನ್ನು ನಿನ್ನ ತುಂಡಿನ ಮೇಲೆ ಇಟ್ಟಳು, ನಾವೆಲ್ಲ ಲೋಟ ಎತ್ತಿ “ರಾಣಿ ಕುಡಿದಳು!” ಎಂದು ಕೂಗಿದೆವು. ಕೋಳಿ ಸಿಕ್ಕವರು ಮುಂದಿನ ಕೇಕು ಮಾಡಿ ಎಲ್ಲರನ್ನೂ ಕರೆಯಬೇಕು, ಕರೆದರೆ ಯಾರೂ ಒಲ್ಲೆ ಅನ್ನುವಂತಿಲ್ಲ. ಅದು ನಿನಗೂ ಗೊತ್ತು, ಅವನಿಗೂ ಗೊತ್ತು.

ನಿನ್ನ ಪಾಲನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಹಿಂದಿನವರಂತೆ ಬೀರುವಿನ ಮೇಲಿಡು ಎಂದು ಮಾವ, ಫ್ರಿಜ್ಜಿನಲ್ಲಿಡಿ ಎಂದು ಒಡೀಲ್. ಎತ್ತಿಟ್ಟ ತುಂಡು ಕೆಡದಿದ್ದರೆ ದೂರ ಇರುವವರು ಚೆನ್ನಾಗಿದ್ದಾರೆ ಎಂದು ನನ್ನಮ್ಮ ನಂಬಿದ್ದಳು. ನಾನು ನಂಬುವುದಿಲ್ಲ, ಆದರೂ ಬೆಳಿಗ್ಗೆ ಎದ್ದು ಒಮ್ಮೆ ಮುಟ್ಟಿ ನೋಡಿದೆ. ಅಂಚೆಯಲ್ಲಿ ಕಳಿಸಲೇ ಅಂದಾಗ ಫರ್ಮಿನ್, “ಬೇಡ, ಪುಡಿಯಾಗತ್ತೆ. ನಾನೇ ಬೇಕಾದ್ರೆ...” ಎಂದು ನಿಲ್ಲಿಸಿ, ಸೌದೆ ತರುತ್ತೇನೆ ಎಂದು ಹೊರಗೆ ಹೋದ.

ಮಗಳೇ, ನನಗೆ ಈ ಕೋಟೆ ಗೀಟೆ ಏನೂ ಬೇಡ. ನೀವಿಬ್ಬರೂ ಒಂದೇ ಮೇಜಿಗೆ ಕೂತದ್ದನ್ನು ನಾನಿರುವಾಗಲೇ ನೋಡಬೇಕು, ಅಷ್ಟೇ ನನ್ನ ಆಸೆ. ಗಾಳಿಯಲ್ಲಿ ಹುಷಾರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹಡಗನ್ನೂ ನಿನ್ನನ್ನೂ ದೇವರು ಕಾಯಲಿ. ಮಾವ, ಅತ್ತಿಗೆ ನೆನಪು ಹೇಳಿದ್ದಾರೆ. ಕಪುಸೀನ್ ಮುತ್ತು ಕಳಿಸಿದ್ದಾಳೆ.

ನಿನ್ನ ಅಮ್ಮ,
ಮಾರ್ಸೆಲೀನ್

ಮರೆತಿದ್ದೆ: ಬೀಗದ ಕೈ ಇಸಿದುಕೊಳ್ಳಲು ಆ ಹುಡುಗಿ ಬಂದಿದ್ದಾಳೆ, ಬೇಗ ಬರೆಯುತ್ತೇನೆ. ಕೋಳಿ ನಿನ್ನ ತುಂಡಿನಲ್ಲಿ ಇರಲಿಲ್ಲ. ಕತ್ತರಿಸುವಾಗಲೇ ಚಾಕುವಿಗೆ ತಾಗಿ ನನಗೆ ಗೊತ್ತಾಗಿತ್ತು. ಅದು ಹೋದದ್ದು ಫರ್ಮಿನ್ ತಟ್ಟೆಗೆ. ಊಟವಾದ ಮೇಲೆ ಉಳಿದವರು ಹೊಳೆಯ ಕಡೆ ಹೋದರು, ನಾನು ಮೇಲೆ ಮಲಗಲು ಹೋಗಿ ಆ ದೊರೆಯ ಕಿಂಡಿಯಲ್ಲಿ ಇಣುಕಿದೆ. ಬೈಯಬೇಡ. ನಿನ್ನಣ್ಣ ಹಜಾರದಲ್ಲಿ ಒಬ್ಬನೇ ಕೂತು, ಕರ್ಚೀಫಿನಿಂದ ಕೋಳಿ ತೆಗೆದು ಒರೆಸಿ, ಅಪ್ಪನ ಮಡಿಚುವ ಚಾಕುವಿನಿಂದ ನಿನ್ನ ತುಂಡಿನ ಪದರ ಮೆಲ್ಲಗೆ ಎತ್ತಿ ಒಳಗೆ ತಳ್ಳಿದ. ಆಮೇಲೆ ಹೆಬ್ಬೆರಳಿನಿಂದ ಸವರಿ ಸರಿಮಾಡಿ, ಕಿರೀಟವನ್ನು ಮತ್ತೆ ಮೇಲಿಟ್ಟ. “ತಗೊಂಡು ಬಾ” ಎಂದು ಅವನಿಗೆ ಒಂದು ಸಾಲು ಬರೆ, ಸಾಕು. ಕೋಳಿ ಹಲ್ಲಿಗೆ ಸಿಕ್ಕಾಗ ಏನೂ ಅರಿಯದವಳ ಹಾಗೆ ಕೂಗು. ನಿನಗೆ ನಟನೆ ಬರುವುದಿಲ್ಲ, ಗೊತ್ತು. ಅವನಿಗೂ ಬರುವುದಿಲ್ಲ.