ಮಾತ್ರೆ ಮತ್ತು ಬೆಳಗಿನ ಚಹಾ

ಭಾನುವಾರ, ಮಾರ್ಚ್ ೯

ಮುದ್ದು ಗುಬ್ಬಿ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ತಡವಾಯಿತೆಂದು ಬೈದುಕೊಳ್ಳಬೇಡ. ಶಾಲೆಗಳಲ್ಲಿ ಪರೀಕ್ಷೆ ಶುರುವಾದರೆ ಸಾಕು, ಕೈಗಡಿಯಾರ ನಿಂತುಹೋಗಿರುವುದು ಊರಿನವರಿಗೆಲ್ಲ ಒಮ್ಮೆಲೇ ನೆನಪಾಗುತ್ತದೆ. ನಮ್ಮ ರಿಪೇರಿ ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ.

ನಿನಗೂ ಥೈರಾಯ್ಡ್ ಕಮ್ಮಿ ಇದೆಯಂತೆ, ಮಾತ್ರೆ ಬರೆದುಕೊಟ್ಟಿದ್ದಾರಂತೆ. ಅಳುವಂಥದ್ದೇನೂ ಇಲ್ಲ. ನನ್ನ ಕಡೆಯಿಂದ ನಿನಗೆ ಆಸ್ತಿ ಅಂತ ಬೇರೇನೂ ಬರಲಿಲ್ಲ, ಇದಾದರೂ ಬಂತಲ್ಲ. ‘ನೀನು ಹೇಗೆ ತಗೋತೀಯ, ಸರಿಯಾಗಿ ಬರಿ’ ಅಂದಿದ್ದೀಯ. ಸರಿಯಾಗಿ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಅಂತಲೂ ಬರೆಯುತ್ತೇನೆ, ಅದರಲ್ಲೇ ನನಗೆ ಅನುಭವ ಹೆಚ್ಚು. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ, ಈಗ ಪೂರ್ತಿ ಕೇಳು.

ನನ್ನ ಕಾಯಿಲೆ ಗೊತ್ತಾದ ದಿನದಿಂದ ಮಾತ್ರೆಯ ಜವಾಬ್ದಾರಿಯನ್ನು ನಿಮ್ಮಪ್ಪನೇ ಹೊತ್ತುಕೊಂಡರು. ಅದುವರೆಗೆ ಒಲೆ ಹಚ್ಚಲು ಬಾರದಿದ್ದ ಮನುಷ್ಯ ನನಗಿಂತ ಮೊದಲೇ ಎದ್ದು, ಗಟ್ಟಿ ಹಾಲು ಹಾಕಿ ಚಹಾ ಕಾಸಿ, ತಟ್ಟೆಯಲ್ಲಿ ಮಾತ್ರೆ ಇಟ್ಟುಕೊಂಡು ಹಾಸಿಗೆಯ ಹತ್ತಿರ ಬರುತ್ತಿದ್ದರು. “ಏಳೇ, ನಿನಗೆ ಕೀಲಿ ಕೊಡೋ ಹೊತ್ತಾಯ್ತು” ಅನ್ನುತ್ತಿದ್ದರು. ಮಾತ್ರೆ ಆ ಚಹಾದ ಜೊತೆಯೇ ಇಳಿಯುತ್ತಿತ್ತು. ಅದರ ಹಿಂದೆಯೇ ಮೂಳೆಗೆಂದು ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ.

ಆದರೂ ಸುಸ್ತು ಹೋಗಲಿಲ್ಲ. ಮುಖ ಊದಿಕೊಂಡೇ ಇತ್ತು. ಗಿರಾಕಿ ಎದುರಿಗೆ ನಿಂತಿದ್ದರೂ ತೂಕಡಿಸುತ್ತಿದ್ದೆ. ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಮಾತ್ರೆಯ ಪ್ರಮಾಣ ಏರಿಸುತ್ತಿದ್ದರು. “ದಿನಾ ತಗೋತೀರಾ?” ಅಂತ ಕೇಳಿದರು. ತಗೋತೀನಿ ಅಂದೆ. ಯಾವುದರ ಜೊತೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತಿದ್ದಾಗ, ಮಾತ್ರೆಯ ಡಬ್ಬಿಯೊಳಗಿದ್ದ ಚೀಟಿಯನ್ನು ನನ್ನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಓದಿದೆ. ಆ ಅಕ್ಷರ ಓದಲು ನಮ್ಮ ಕಸುಬಿನವರೇ ಆಗಬೇಕು. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕಂತೆ, ಆಮೇಲೆ ಅರ್ಧ ಮುಕ್ಕಾಲು ಗಂಟೆ ಚಹಾ, ಕಾಫಿ, ತಿಂಡಿ ಏನೂ ಕೂಡದಂತೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು. ಗಡಿಯಾರ ರಿಪೇರಿಯವರ ಕೆಟ್ಟ ಬುದ್ಧಿ ನಿನಗೆ ಗೊತ್ತಲ್ಲ, ದೋಷ ಕಂಡರೆ ಯಾರನ್ನೂ ಕೇಳದೆ ಕೈ ಹಾಕಿಬಿಡುತ್ತೇವೆ. ಮಾರನೆಯ ದಿನವೇ ಚಹಾ ಹಿಂದಕ್ಕೆ ಹೋಯಿತು, ನೀರು ಮುಂದಕ್ಕೆ ಬಂತು. ಡಾಕ್ಟರಮ್ಮನಿಗೆ ತಿಳಿಸಬೇಕು ಅಂತ ಹೊಳೆಯಲೇ ಇಲ್ಲ.

ಏರಿಸಿದ್ದ ಮಾತ್ರೆಯೆಲ್ಲ ಆಗ ಮೈಗೆ ಹತ್ತತೊಡಗಿತು. ಕೆಲವೇ ವಾರಗಳಲ್ಲಿ ಎದೆ ಡವಡವ, ನಿದ್ದೆಯಿಲ್ಲ, ಕೈ ನಡುಕ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದರೆ ಚಿಮ್ಮಿ ಎಲ್ಲಿಗೋ ಹೋಗುತ್ತಿತ್ತು. ಸಣ್ಣ ಗಡಿಯಾರಗಳೆಲ್ಲ ನನ್ನ ಪಾಲಿನವು. ನಿಮ್ಮಪ್ಪನ ಕೈ ಗೋಡೆ ಗಡಿಯಾರಕ್ಕೇ ಸರಿ. ಈ ಕೈ ಹೋದರೆ ನನ್ನ ಕತೆ ಮುಗಿಯಿತು ಅಂತ ನಿಜವಾಗಿಯೂ ಹೆದರಿದೆ.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ಬದಲಾಯಿಸಿದ್ದು ಸರಿನೇ ಕಣ್ರೀ, ನಂಗೆ ಹೇಳದೆ ಇದ್ರಲ್ಲ, ಅದೇ ತಪ್ಪು” ಅಂದರು. ಪ್ರಮಾಣ ಇಳಿಸಿದರು. ಎರಡು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ, ಎಲ್ಲ ಹದಕ್ಕೆ ಬಂದಿತ್ತು. ಈಗ ಕೈ ಅಲುಗುವುದಿಲ್ಲ.

ನೀನು ಮಾತ್ರ ನನ್ನ ಹಾಗೆ ಮೇಸ್ತ್ರಿಕೆ ಮಾಡಬೇಡ. ಚೆನ್ನಾಗಿದ್ದೇನಲ್ಲ ಅಂತ ನಿಲ್ಲಿಸಬೇಡ, ಸುಸ್ತಾಯಿತು ಅಂತ ಎರಡು ನುಂಗಬೇಡ. ಹೊಸದಾಗಿ ಯಾವ ಮಾತ್ರೆ ಶುರು ಮಾಡಿದರೂ ಡಾಕ್ಟರಿಗೆ ಹೇಳು. ಮುಂದೆಂದಾದರೂ ಬಸುರಿ ಅಂತ ಗೊತ್ತಾದರೆ ನನಗಿಂತ ಮೊದಲು ಅವರಿಗೆ ಹೇಳು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊಟ್ಟೆ ತುಂಬ ಊಟ ಮಾಡು, ಕಣ್ತುಂಬ ನಿದ್ದೆ ಮಾಡು. ನೂರು ಕಾಲ ಸುಖವಾಗಿ ಬಾಳು ಮಗಳೇ.

ನಿನ್ನ
ಅಮ್ಮ

ತಾ.ಕ.: ಬರೆಯಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ. ಚಹಾದ ವಿಷಯ ಫೋನಿನಲ್ಲಿ ಹೇಳಿದಾಗ ನೀನು ನಕ್ಕು, “ಹಾಗಾದ್ರೆ ಇಷ್ಟು ವರ್ಷ ನಿನ್ನ ಕಾಯಿಲೆ ವಾಸಿ ಆಗದ ಹಾಗೆ ನೋಡ್ಕೊಂಡಿದ್ದು ಅಪ್ಪನೇ ಅನ್ನು” ಅಂದೆ. ಫೋನು ಸ್ಪೀಕರಿನಲ್ಲಿತ್ತು, ಅವರು ಪಕ್ಕದಲ್ಲೇ ಕೂತಿದ್ದರು. ನೀನು ತಮಾಷೆಗೆ ಅಂದದ್ದು, ನಾನೂ ನಕ್ಕೆ. ಅವರು ಎದ್ದು ಹೊರಗೆ ಹೋದರು. ಅಂದಿನಿಂದ ಅಡುಗೆಮನೆಗೆ ಕಾಲಿಟ್ಟಿಲ್ಲ. “ಒಂದು ಗಂಟೆ ಬಿಟ್ಟು ಟೀ ಕೊಡಿ, ಕುಡೀತೀನಿ” ಅಂದೆ. “ಬೇಡ ಬಿಡು, ನನ್ನ ಕೈಯಿಂದ ನಿನಗಾದದ್ದು ಸಾಕು” ಅಂದರು. ನಾನು ಏಳುವಷ್ಟರಲ್ಲಿ ಅಂಗಡಿಗೆ ಹೋಗಿಬಿಟ್ಟಿರುತ್ತಾರೆ. ನೀರಿನ ಲೋಟ ಹಿಡಿದು ಒಬ್ಬಳೇ ಕೂತಾಗ ಅಳು ಬರುತ್ತದೆ ಗುಬ್ಬಿ. ನಿನಗೆ ಮಾತ್ರೆ ಬರೆದುಕೊಟ್ಟಿರುವುದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ. ನೀನೇ ಫೋನ್ ಮಾಡಿ ಹೇಳು. ಹೇಗೆ ತಗೋಬೇಕು ಅಂತ ಅವರನ್ನೇ ಕೇಳು.